ಸೊಣ್ಣಮ್ಮನ ಹಗ್ಗ

ತೊಂಬತ್ತೆಂಟರ ಬೇಸಿಗೆಯಲ್ಲಿ ಜಯನಗರದ ಒಂದು ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿನ ಸಜ್ಜದಡಿ ಹೆಜ್ಜೇನು ಕಟ್ಟಿತು. ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದರೆ ತಲೆ ಸುತ್ತುವ ನಮ್ಮಂಥವರೇ ಅಲ್ಲಿ ತುಂಬಿದ್ದರಿಂದ, ಯಡಿಯೂರು ಕೆರೆ ಪಕ್ಕದ ಗುಡಿಸಲಿಗೆ ಹೇಳಿ ಕಳಿಸಿದರು.

ಗುಡಿಸಲಿನ ಪಿಳ್ಳಪ್ಪ, ಕಾಡುಜೇನು ಕೀಳುವ ಇರುಳಿಗರ ಬುಡಕಟ್ಟಿನವನು, ಜೇನು ಇಳಿಸುವುದರಲ್ಲಿ ಹೆಸರುವಾಸಿ. ಹೆಂಡತಿಯನ್ನು ಹೊಡೆಯುವುದರಲ್ಲಿ ಇನ್ನೂ ಹೆಸರುವಾಸಿ. ಕುಡಿದು ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಮೊದಲನೆಯದು ನಿಂತಿತು. ಎರಡನೆಯದಕ್ಕೆ ಕೈ ಸಾಕಲ್ಲ.

"ನಾನ್ ಇಳಿಸ್ತೀನಿ" ಅಂದಳು ಹೆಂಡತಿ ಸೊಣ್ಣಮ್ಮ.

ಊರುಗೋಲು ಬೆನ್ನಿಗೆ ಬಿತ್ತು. "ಹೆಂಗ್ಸು ಜೇನು ಕಿತ್ರೆ ಇರುಳಿಗರ ಮಾನ ಹೋಯ್ತದೆ!"

"ಸಾರಾಯಿ ಅಂಗ್ಡಿ ಮುಂದೆ ಬಿದ್ದಿರೋದು ಯಾರ್ ಮಾನ?"

ತುಟಿ ಒಡೆಯಿತು.

ಅವರಲ್ಲಿ ಜೇನು ಕೀಳುವವನ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳ ತಾಳಿ ಹೋಗುವುದು ಯಾರಿಗೆ ಬೇಕು? ಕೈ ಬಿಡುವುದಿಲ್ಲ. ಹೆಂಗಸು ಇಳಿದರೆ ಯಾರು ಹಿಡಿಯಬೇಕೆಂದು ಮಾತ್ರ ಹಿರಿಯರು ಹೇಳಿರಲಿಲ್ಲ. ಸೊಣ್ಣಮ್ಮ ಅದೇ ಪದ್ಧತಿಯನ್ನು ಮಗುಚಿ ಹಾಕಿ, ಗಂಡನ ಅಕ್ಕ ತಿಮ್ಮಕ್ಕನ ಬಳಿ ಹೋದಳು.

"ಹಿಡೀತೀನಿ ಕಣೆ" ಅಂದಳು ತಿಮ್ಮಕ್ಕ. "ನೀನ್ ಸತ್ರೆ ಆ ಕುಡುಕನ್ನ ಸಾಕೋಳು ನಾನೇ ತಾನೆ?"

ಬೆಳಗಿನ ಜಾವ ಸೊಣ್ಣಮ್ಮ ಸೊಂಟಕ್ಕೆ ಹಗ್ಗ ಬಿಗಿದು, ಹೊಗೆಯ ಪಂಜು ಹಿಡಿದು ತಾರಸಿಯಿಂದ ಇಳಿದಳು. ಅರ್ಧ ಜೇನುಹುಟ್ಟು ಕೊಯ್ದಿದ್ದಳಷ್ಟೇ, ಮೇಲೆ ಗಂಡನ ದನಿ. ಕುಂಟ ಲಿಫ್ಟಿನಲ್ಲಿ ಬಂದಿದ್ದ!

"ಬಿಡೇ ಅಕ್ಕ ಹಗ್ಗ!"

ಆಮೇಲೆ ತೆಂಗಿನಕಾಯಿ ಒಡೆದಂಥ ಸದ್ದು. ಮತ್ತೊಂದು. ಹಗ್ಗ ಮೊಳದಷ್ಟು ಜಾರಿ ನಿಂತಿತು. ಸೊಣ್ಣಮ್ಮನ ಮಣಿಕಟ್ಟಿಗೆ ಬಿಸಿ ರಕ್ತ ತೊಟ್ಟಿಕ್ಕಿತು.

ಮುಚ್ಚಿದ ಗಾಜಿನ ಹಿಂದಿನಿಂದ ಸೆಕ್ರೆಟರಿ ಪ್ರಮೋದ್ ಕೂಗಿದರು: "ಗಲಾಟೆ ಮಾಡ್ಬೇಡಿ ಅಮ್ಮಾ, ಇದು ಡೀಸೆಂಟ್ ಅಪಾರ್ಟ್‌ಮೆಂಟು!"

ಅವಳು ಪಂಜನ್ನು ಹಲ್ಲಲ್ಲಿ ಕಚ್ಚಿ ಹಗ್ಗ ಹತ್ತಿದಳು. ತಾರಸಿಯ ಮೋಟುಗೋಡೆ ಹಿಡಿದ ಬೆರಳ ಮೇಲೆ ಊರುಗೋಲು ಬಿತ್ತು, ಉಗುರು ಹಾರಿತು. ಇನ್ನೊಂದು ಕೈಯಿಂದ ಪಂಜನ್ನು ಪಿಳ್ಳಪ್ಪನ ಎದೆಗೆ ತಿವಿದಳು. ಅಂಗಿ ಹೊತ್ತಿಕೊಂಡಿತು. ಕೆರಳಿದ ಹುಳುಗಳು ಕಪ್ಪಗೆ ಮೇಲೆದ್ದು, ಚೀರುತ್ತಾ ಕುಣಿಯುತ್ತಿದ್ದವನನ್ನೇ ಮುತ್ತಿದವು. ಬೆಂಕಿ ಬಡಿಯಲೋ ಹುಳು ಬಡಿಯಲೋ ತಿಳಿಯದೆ ಅವನು ಮೆಟ್ಟಿಲ ಮೇಲಿಂದ ಕೆಳಗುರುಳಿದ. ಬೆನ್ನಟ್ಟಿ ಹುಳುಗಳೂ ಹೋದವು.

ತಿಮ್ಮಕ್ಕನ ತಲೆಯಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. ಹಗ್ಗ ಅಂಗೈ ಸೀಳಿ ಒಳಗೆ ಕೂತಿತ್ತು.

"ಬಿಡಕ್ಕ, ಮೇಲ್ ಬಂದೆ."

"ಇನ್ನರ್ಧ ಹುಟ್ಟು ನಿಮ್ಮಪ್ಪ ಕುಯ್ತಾನಾ?"

ಸೊಣ್ಣಮ್ಮ ಸೆರಗು ಹರಿದು ಅವಳ ತಲೆಗೆ ಬಿಗಿದಳು. ಮತ್ತೆ ಗೋಡೆ ದಾಟಿದಳು.