ಸೇತುವೆ ದಾಟಿದ ಟೈಲರಮ್ಮ

ಟೈಲರಮ್ಮನ ಕಾಲುಗಳಿಗೆ ಮೂವತ್ತೆರಡು ವರ್ಷಗಳ ಸರ್ವಿಸ್ ಆಗಿತ್ತು. ಹೊಲಿಗೆ ಮಿಷನ್ನಿನ ಮುಂದೆ ಕೂತು ಅವರು ತುಳಿದದ್ದನ್ನು ಯಾರಾದರೂ ಅಳೆದಿದ್ದರೆ ಭೂಮಿಗೆ ಎರಡು ಸುತ್ತು ಆಗುತ್ತಿತ್ತು. ಕೂತ ಜಾಗದಿಂದ ಮಾತ್ರ ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಹೊರಗೆ ಹೋಗಬೇಕೆಂದರೆ ಗಂಡನ ಸೈಕಲ್ಲಿನ ಕ್ಯಾರಿಯರ್ ಇತ್ತು. ಪೋಸ್ಟ್‌ಮ್ಯಾನ್ ಕೆಲಸದಿಂದ ರಿಟೈರಾದ ಆ ಮಹಾಶಯರ ಬೆನ್ನು, ಬೆನ್ನಿನ ಮೇಲೆ ತಾವೇ ಹೊಲಿದ ಅಂಗಿ: ಮದುವೆಯಾದಾಗಿನಿಂದ ಟೈಲರಮ್ಮ ನೋಡಿದ ಪ್ರಪಂಚದಲ್ಲಿ ಮುಕ್ಕಾಲು ಪಾಲು ಅದೇ.

ಐವತ್ತಾರನೆಯ ವಯಸ್ಸಿನಲ್ಲಿ ಅವರು ಗುಟ್ಟಾಗಿ ಸೈಕಲ್ ಕಲಿತರು. ಪಕ್ಕದ ಮನೆ ನರ್ಸಮ್ಮನ ಸೈಕಲ್, ಸ್ಕೂಲಿನ ಮೈದಾನ, ಎರಡು ವಾರ, ಮೊಣಕಾಲಿಗೆ ನಾಲ್ಕು ಗಾಯ. ವಿಷಯ ಕೇಳಿ ಗಂಡ ನಕ್ಕ ನಗೆಗೆ ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು.

"ಭಾನುವಾರ ಹೊಳೆ ದಾರೀಲಿ ಹೋಗೋಣ," ಎಂದರು ಗಂಡ. "ಕಲ್ಲು ಸೇತುವೆವರೆಗೆ ಎಲ್ಲೂ ಕಾಲೂರದೆ ಬಾ, ನಿನಗೇ ಅಂತ ಒಂದು ಸೈಕಲ್ ತರ್ತೀನಿ. ಮಧ್ಯೆ ಕಾಲೂರಿದ್ಯೋ, ಮತ್ತೆ ಸೈಕಲ್ ಮಾತೆತ್ತಬಾರದು. ತೆಪ್ಪಗೆ ಕ್ಯಾರಿಯರ್ ಮೇಲೆ ಕೂರಬೇಕು."

"ಆಯ್ತು ಕಣ್ರೀ. ಆಮೇಲೆ ಮಾತು ತಪ್ಪೋ ಹಾಗಿಲ್ಲ."

ಭಾನುವಾರ ನರ್ಸಮ್ಮ ತಮ್ಮ ಸೈಕಲ್ಲಿನಲ್ಲಿ ಡ್ಯೂಟಿಗೆ ಹೋಗಿದ್ದರು. ಬಾಡಿಗೆ ಅಂಗಡಿಯವನು ಕೊಟ್ಟ ಹಸಿರು ಸೈಕಲ್ಲಿಗೆ ಕೈ ಬ್ರೇಕೇ ಇರಲಿಲ್ಲ. "ಪೆಡಲ್ ಹಿಂದಕ್ಕೆ ತುಳೀರಿ ಅಮ್ಮ, ನಿಂತುಬಿಡುತ್ತೆ," ಎಂದ. ಟೈಲರಮ್ಮ ತಲೆಯಾಡಿಸಿದರು. ತಲೆಗೇನೋ ಅರ್ಥವಾಯಿತು. ಕಾಲುಗಳನ್ನು ಯಾರೂ ಕೇಳಲಿಲ್ಲ.

ಹೊಲಿಗೆ ಮಿಷನ್ ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗಿ ಕಿತ್ತುಹೋಗುತ್ತದೆ. ಹೊಲಿಗೆ ಕಲಿಯಲು ಬಂದವರಿಗೆ ಟೈಲರಮ್ಮ ಹೇಳಿಕೊಡುವ ಮೊದಲ ಪಾಠವೇ ಅದು. ನಿಲ್ಲಿಸಬೇಕೆಂದರೆ ಬಲಗೈಯನ್ನು ಮಿಷನ್ನಿನ ಚಕ್ರದ ಮೇಲೆ ಇಡಬೇಕು. ಕಾಲು ಮಾತ್ರ ಸತ್ತರೂ ಹಿಂದಕ್ಕೆ ಹೋಗಕೂಡದು.

ಅಂತೂ ಸವಾರಿ ಹೊರಟಿತು. ಬುಟ್ಟಿಯಲ್ಲಿ ಬ್ರೆಡ್ಡು, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಟೀ. ಎಡಕ್ಕೆ ಹೊಳೆ, ಬಲಕ್ಕೆ ಹುಲ್ಲು, ಮುಂದೆ ಯಾರ ಬೆನ್ನೂ ಇಲ್ಲ! ಗಾಳಿ ನೇರವಾಗಿ ಮುಖಕ್ಕೇ ಬಡಿಯುತ್ತಿತ್ತು. ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಗಾಳ ಹಾಕಿ ಗೊರಕೆ ಹೊಡೆಯುತ್ತಿದ್ದವನನ್ನು ಕಂಡು ನಗು, ಯಜಮಾನನನ್ನೇ ದರದರ ಎಳೆದುಕೊಂಡು ಹೋಗುತ್ತಿದ್ದ ನಾಯಿಯನ್ನು ಕಂಡು ನಗು. "ಮೆಲ್ಲಗೆ ಕಣೇ!" ಎಂದು ಹಿಂದಿನಿಂದ ಗಂಡ ಕೂಗಿದರೆ ಅದಕ್ಕೂ ನಗು.

ಕಲ್ಲು ಸೇತುವೆ ಕಂಡಿತು. ಒಂದು ಬೆರಳೂ ನೆಲಕ್ಕೆ ತಾಗಿರಲಿಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ದಾರಿ ಸೇತುವೆಯ ಕೆಳಕ್ಕೆ ಇಳಿಜಾರಾಗಿ ನುಗ್ಗಿತು. ಸೈಕಲ್ಲೂ ನುಗ್ಗಿತು. ನಿಲ್ಲಿಸಬೇಕಲ್ಲ! ಬಲಗೈ ತಾನಾಗಿ ಹ್ಯಾಂಡಲ್ ಬಿಟ್ಟು ಮಿಷನ್ನಿನ ಚಕ್ರ ಹುಡುಕಿತು. ಸಿಕ್ಕಿದ್ದು ಬರೀ ಗಾಳಿ. ಎದುರಿಗೆ ಬರುತ್ತಿದ್ದ ಮುದುಕರೊಬ್ಬರು ತಮಗೇ ಕೈ ಬೀಸಿದರೆಂದು ಹಿಗ್ಗಿ ತಾವೂ ಬೀಸಿದರು. ಕೈ ಮತ್ತೊಮ್ಮೆ ಹೋಯಿತು, ಈ ಸಲ ಒಂದಿಡೀ ಸಂಸಾರವೇ ಕೈ ಬೀಸಿತು.

"ಹಿಂದಕ್ಕೆ ತುಳಿಯೇ!" ಗಂಡ ಅರಚಿದರು.

"ಆಗಲ್ಲ ರೀ! ದಾರ ಕಿತ್ತುಹೋಗುತ್ತೆ!"

"ಯಾವ ದಾರಾನೇ ಮಾರಾಯ್ತಿ!"

ಸೇತುವೆ ಹಿಂದೆ ಬಿತ್ತು. ಇಳಿಜಾರು ಮುಗಿಯಲೊಲ್ಲದು. ಜೀವ ಬಾಯಿಗೆ ಬಂದಿತ್ತು, ಆದರೂ ಹಾಳು ನಗು ನಿಲ್ಲುತ್ತಿರಲಿಲ್ಲ. ಹೊಳೆ ಇಲ್ಲಿ ಇದ್ದಕ್ಕಿದ್ದಂತೆ ಅಗಲವಾಗಿ, ನಡುವೆ ಒಂದು ಪುಟ್ಟ ನಡುಗಡ್ಡೆ, ಅದರ ತುಂಬ ಬಿಳಿ ಹಕ್ಕಿಗಳು. ಇಷ್ಟು ಹತ್ತಿರ ಇದೆಲ್ಲ ಇತ್ತೇ ಎಂದು ಟೈಲರಮ್ಮನಿಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಬಾತುಕೋಳಿಗಳು. ಒಂದು ತಾಯಿ, ಹಿಂದೆ ಒಂಬತ್ತು ಮರಿ, ದಾರಿಗೆ ಅಡ್ಡವಾಗಿ, ಅವರಪ್ಪನ ಆಸ್ತಿ ಎಂಬಂತೆ ನಡೆದುಬರುತ್ತಿದ್ದವು. ದಾರ ಹೋದರೆ ಹಾಳಾಗಿ ಹೋಗಲಿ ಎಂದು ಟೈಲರಮ್ಮ ಹಲ್ಲು ಕಚ್ಚಿ ಕಾಲನ್ನು ಹಿಂದಕ್ಕೆ ಒತ್ತಿದರು. ಸೈಕಲ್ ಕಿರ್ರೆಂದು ನಿಂತಿತು. ಒಂಬತ್ತೂ ಮರಿಗಳು ದಾಟಿ ನೀರಿಗಿಳಿದವು.

ಗಂಡ ಏದುಸಿರು ಬಿಡುತ್ತ ಬಂದು ತಮ್ಮ ಸೈಕಲ್ಲಿನ ಹ್ಯಾಂಡಲ್ ಮೇಲೆ ಒರಗಿದರು. "ಸೇತುವೆ ಯಾವಾಗಲೋ ಹೋಯ್ತಲ್ಲೇ! ಗೆದ್ದೆ ಅಂತ ಇಷ್ಟೊಂದು ಜಂಬಾನಾ?"

"ಜಂಬ ಅಲ್ಲ ರೀ, ನಿಲ್ಲಿಸೋಕೆ ಬರ್ಲಿಲ್ಲ." ನಕ್ಕು ನಕ್ಕು ಟೈಲರಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಬಂದಿದ್ರೆ ಸೇತುವೆ ಹತ್ರಾನೇ ನಿಂತುಬಿಡ್ತಿದ್ದೆ. ಇದನ್ನೆಲ್ಲ ನೋಡ್ತಾನೇ ಇರ್ಲಿಲ್ಲ."

ಗಂಡನೂ ಆ ಹಕ್ಕಿಗಳನ್ನೇ ನೋಡುತ್ತಿದ್ದರು.

"ಇಲ್ಲಿಂದ ಮುಂದೆ ಏನಿದೆ ರೀ?"

ಮೂವತ್ತೈದು ವರ್ಷ ಇದೇ ದಾರಿಯಲ್ಲಿ ಕಾಗದ ಹಂಚಿದ ಮನುಷ್ಯ ಕತ್ತು ಉದ್ದ ಮಾಡಿ ಮುಂದಿನ ದಾರಿ ನೋಡಿದರು. ಅವರ ಬೀಟು ಸೇತುವೆಗೇ ಮುಗಿಯುತ್ತಿತ್ತು.

"ನಾನೂ ಬಂದಿಲ್ಲ ಕಣೇ," ಎಂದರು. "ನೀನು ಮುಂದೆ ನಡಿ. ನಾನು ಹಿಂದೆ ಬರ್ತೀನಿ."