ಖಾರ ಮುಟ್ಟದ ಕೈ

ಕುಲ್ಸುಮಬಿ ಕಳೆದ ತಿಂಗಳು ತೀರಿಕೊಂಡಳು. ಎಪ್ಪತ್ತು ದಾಟಿತ್ತು. ಅದರ ಹಿಂದಿನ ವಾರದವರೆಗೂ ಬೆಳಗಿನ ನಮಾಜು ಮುಗಿಸಿ ನಮ್ಮ ಬಾಗಿಲಿಗೆ ಬಂದು, ನನ್ನನ್ನು ಹೊರಡಿಸಿಕೊಂಡು ಕಾಗಿನೆಲೆ ರಸ್ತೆಯಲ್ಲಿ ನಡೆದಿದ್ದಳು. ಜ್ವರ ಬಂತು, ಹೋದಳು. ಈಗಲೂ ಆ ಹೊತ್ತಿಗೆ ಎಚ್ಚರವಾಗುತ್ತದೆ.

ಬ್ಯಾಡಗಿಯ ಎಷ್ಟೋ ಹೆಂಗಸರಂತೆ ಆಕೆಯೂ ಒಣಮೆಣಸಿನಕಾಯಿಯ ತೊಟ್ಟು ಬಿಡಿಸಿ ಬದುಕಿದವಳು. ಗಂಡ ಬೇಗ ತೀರಿಕೊಂಡ. ವ್ಯಾಪಾರಸ್ಥರ ಅಂಗಳದಲ್ಲಿ ಕೂತು ದುಡಿದು ಮಗ ಹಜರತಅಲಿಯನ್ನು ಬೆಳೆಸಿದಳು. ಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದವಳು ನಾನು. ಹಾಗಾಗಿ ನಿವೃತ್ತಿಯಾದ ಮೇಲೂ ಆಕೆಗೆ ನಾನು ಅಕ್ಕೋರೇ. ಹೆಸರು ಹಿಡಿದು ಕರಿ ಅಂದರೆ, “ಪಗಾರ ನಿಂತ್ರ ಅಕ್ಕೋರತನಾನೂ ನಿಲ್ಲತೈತೇನ್ರಿ?” ಎನ್ನುತ್ತಿದ್ದಳು. ಅರವತ್ತರ ನಂತರವೂ ಆಕೆ ಕೂತಲ್ಲಿಂದ ನೆಲಕ್ಕೆ ಕೈಯೂರದೆ ಏಳುತ್ತಿದ್ದಳು. ಆಕೆಗಿಂತ ಚಿಕ್ಕವಳಾದ ನಾನು ಗೋಡೆ ಹುಡುಕುತ್ತಿದ್ದೆ.

೧೯೮೭ನೇ ಇಸವಿಯ ಸುಮಾರಿಗೆ ಆಕೆಯ ಎರಡೂ ಕಣ್ಣಿಗೆ ಪೊರೆ ಬಂತು. ಕೆಲಸದಲ್ಲಿ ಯಾರಿಗೂ ತಿಳಿಯಲಿಲ್ಲ, ತೊಟ್ಟನ್ನು ಬೆರಳೇ ಹುಡುಕಿಕೊಳ್ಳುತ್ತಿತ್ತು. ರಸ್ತೆಯಲ್ಲಿ ತಿಳಿಯಿತು. ಒಂದು ಬೆಳಿಗ್ಗೆ ಎದುರಿಗೆ ಬಂದ ಚಕ್ಕಡಿಗೆ ನೆಟ್ಟಗೆ ಹೋಗುತ್ತಿದ್ದಳು. ಸೆರಗು ಹಿಡಿದು ಎಳೆದೆ.

“ಅಷ್ಟು ದೊಡ್ಡ ಚಕ್ಕಡಿ ಕಾಣಲಿಲ್ಲೇನ ನಿನಗ?”

“ಕಂಡತ್ರಿ. ಮಂಜಿನಾಗ ಆನಿ ಬಂದಂಗ ಕಂಡತು.”

ಆ ಚಳಿಗಾಲ ರಾಣೆಬೆನ್ನೂರಿನಲ್ಲಿ ಕಣ್ಣಿನ ಶಿಬಿರವಿತ್ತು. ಹೋಗೋಣವೆಂದರೆ ಒಪ್ಪಲಿಲ್ಲ. ಆಕೆಗೆ ಕತ್ತರಿಯ ಭಯವಿರಲಿಲ್ಲ, ಕೂರುವ ಭಯವಿತ್ತು. “ಒಂದೂವರಿ ತಿಂಗಳ ಕುಂದ್ರಸತಾರಂತ. ನಮ್ಮವ್ವ ಹಿಂಗ ಕುಂತಾಕಿ ಹೊಳ್ಳಿ ಏಳಲೇ ಇಲ್ರಿ ಅಕ್ಕೋರ.”

“ಕಾಣದ ನಡದ್ರ ಚಕ್ಕಡಿ ಗಾಲ್ಯಾಗ ಕುಂದ್ರತಿ. ಅದು ಚಲೋ ಏನು?” ಅಂದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಂದು ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.

ಮೊದಲು ಒಂದು ಕಣ್ಣು ಮಾಡಿದರು. ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಮನೆಗೆ ಬಂದಳು. ಭಾರ ಎತ್ತಬಾರದು, ಬಗ್ಗಬಾರದು, ಜೋರಾಗಿ ಕೆಮ್ಮಬಾರದು, ಕಣ್ಣು ತಿಕ್ಕಲೇಬಾರದು. ದಿನಕ್ಕೆ ಮೂರು ಸಲ ಔಷಧದ ಹನಿ. ಹನಿ ಹಾಕುವ ಕೆಲಸ ಸೊಸೆ ಮೆಹಬೂಬಿಯದು.

ಅದು ಮೆಣಸಿನಕಾಯಿಯ ಸುಗ್ಗಿ. ಮೆಹಬೂಬಿ ಅಂಗಳದ ಕೆಲಸದಿಂದ ಬಂದವಳು ಸಾಬೂನು ಹಚ್ಚಿ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು, ಅತ್ತೆಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹನಿ ಬಿಟ್ಟಳು. ವರ್ಷಗಟ್ಟಲೆ ತೊಟ್ಟು ಬಿಡಿಸಿದವರಿಗೆ ತಮ್ಮ ಕೈಯ ಖಾರ ತಮಗೇ ತಿಳಿಯುವುದಿಲ್ಲ. ಅದು ಉಗುರಿನ ಸಂದಿಯಲ್ಲಿ, ಚರ್ಮದ ಬಿರುಕಿನಲ್ಲಿ ಕೂತಿರುತ್ತದೆ.

ನಾನು ಅಲ್ಲೇ ಇದ್ದೆ. ಕುಲ್ಸುಮಬಿ ಚೀರಲಿಲ್ಲ. ಚೀರಿದರೆ ಹೊಲಿಗೆ ಬಿಚ್ಚೀತೆಂಬ ಹೆದರಿಕೆ. ಹಲ್ಲು ಕಚ್ಚಿ, “ಅಕ್ಕೋರ, ನನ್ನ ಎರಡೂ ಕೈ ಹಿಡೀರಿ. ಬಿಟ್ರ ತಿಕ್ಕತೀನಿ” ಅಂದಳು. ಹಿಡಿದೆ. ಆಕೆ ನನ್ನ ಕೈ ಜಗ್ಗುತ್ತಿದ್ದ ಜೋರು ಇನ್ನೂ ನೆನಪಿದೆ. ಮೆಹಬೂಬಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಉರಿ ಇಳಿದು ಉಸಿರು ತಿರುಗಿದ ಮೇಲೆ ಕುಲ್ಸುಮಬಿ ಮೊದಲು ಹೇಳಿದ್ದು, “ಆಕಿನ್ನ ಯಾರೂ ಬೈಬ್ಯಾಡ್ರಿ” ಎಂದು.

ಕಣ್ಣು ಕೆಂಡದಂತಾಗಿತ್ತು. ಆ ಮಧ್ಯಾಹ್ನವೇ ಮೂವರೂ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ಡಾಕ್ಟರು ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು.

“ಹೊಲಿಗಿ ಗಟ್ಟಿ ಅದಾವು. ತಿಕ್ಕಿಲ್ಲ, ಪುಣ್ಯಾ ಮಾಡೀದಿ. ಆದ್ರ ಇನ್ನ ಮ್ಯಾಲೆ ಖಾರ ಮುಟ್ಟದ ಕೈಲೆ ಹನಿ ಹಾಕಸ್ಕೋಬೇಕು. ಇನ್ನೊಮ್ಮೆ ಹಿಂಗಾತಂದ್ರ ಕಣ್ಣು ಉಳೀತೈತಿ ಅಂತ ನಾ ಹೇಳಾಂಗಿಲ್ಲ.”

ಹೊರಗೆ ಬಂದ ಮೇಲೆ ಕುಲ್ಸುಮಬಿಗೆ ನಗು ಬಂತು. “ಬ್ಯಾಡಗ್ಯಾಗ ಖಾರ ಮುಟ್ಟದ ಕೈ! ಡಾಕ್ಟರು ಯಾವೂರವ್ರೋ ಏನೋ.”

ಓಣಿಯಲ್ಲಿ ಹುಡುಕಿದ್ದಾಯಿತು. ಪಕ್ಕದ ಮನೆಯ ಉಚ್ಚಂಗೆವ್ವ, “ನಮ್ಮನ್ಯಾಗ ತೊಟ್ಟಲದಾಗಿನ ಕೂಸಿನ ಕೈಯಾಗೂ ಘಾಟು ಐತೆವ್ವಾ” ಅಂದಳು. ಅಂಗಳದ ಕೆಲಸವಿಲ್ಲದ ಕೈ ನನ್ನದೊಂದೇ. ಆದರೆ ನಾನೂ ಅಡುಗೆ ಮಾಡುವವಳು. ಅಂದಿನಿಂದ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಬಂದ್. ಕೆಂಪು ಖಾರದ ಹಿಂಡಿಯ ಭರಣಿಯನ್ನು ಅಟ್ಟಕ್ಕೇರಿಸಿದೆ. ಹಿಂಡಿ ಇಲ್ಲದೆ ರೊಟ್ಟಿ ಮುರಿಯದ ನನ್ನ ಯಜಮಾನರು ತಾಟು ನೋಡಿ ಕೂತರು.

“ಕಣ್ಣು ಆಕೀದು, ಪಥ್ಯಾ ನಂದೇನು?”

“ಕರಿಮೆಣಸಿನ ಸಾರು ಐತ್ರಿ. ಉಣ್ರಿ.”

“ಬಾಣಂತಿಗೆ ಮಾಡಿದಂಗ ಮಾಡೀದಿ. ಮಂದಿ ಕೇಳಿದ್ರ ಏನ ಹಡದೀನಿ ಅಂತ ಹೇಳಲಿ?”

ಆದರೂ ಉಂಡರು. ಸಂಜೆ ಖಾನಾವಳಿಗೆ ಹೋಗುತ್ತಿದ್ದರೆಂದು ನನಗೆ ಗೊತ್ತಿತ್ತು, ಕೇಳಲಿಲ್ಲ.

ದಿನಕ್ಕೆ ಮೂರು ಸಲ ಹೋಗಿ ಹನಿ ಹಾಕುತ್ತಿದ್ದೆ. ಸಮತಟ್ಟಾದ ಜಾಗದಲ್ಲಿ ಮೆಲ್ಲಗೆ ಅಡ್ಡಾಡಬಹುದೆಂದು ಡಾಕ್ಟರು ಹೇಳಿದ್ದರು. ಹನಿ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಕೈ ಹಿಡಿದು ಪಡಸಾಲೆಯಲ್ಲಿ ನಡೆಸುತ್ತಿದ್ದೆ. ನಾನಿಲ್ಲದಾಗ ಆಕೆ ಮಂಚದ ಮೇಲೆ ಕಾಲು ಚಾಚಿ ಪಾದ ತಿರುಗಿಸುತ್ತ ಕೂತಿರುತ್ತಿದ್ದಳಂತೆ. ದಪ್ಪ ಗಾಜಿನ ಕನ್ನಡಕ ಬಂದ ದಿನ ನನ್ನ ಮುಖವನ್ನು ಹತ್ತಿರದಿಂದ ನೋಡಿ, “ಯಾ ಅಲ್ಲಾ! ಇಷ್ಟು ಮುದುಕಿ ಆಗೀರೇನ್ರಿ ಅಕ್ಕೋರ? ದನಿ ಕೇಳಿ ಇನ್ನೂ ಹರೇದಾಕಿ ಅಂತ ತಿಳಿದಿದ್ನಿ” ಅಂದಳು.

“ಕನ್ನಡಿ ತರಲೇನು ನಿನಗ?”

“ಬ್ಯಾಡ, ಬ್ಯಾಡ. ಇವತ್ತ ಒಂದ ಮುದುಕಿ ಸಾಕು.”

ಮಗ ಇನ್ನು ಅಂಗಳಕ್ಕೆ ಹೋಗಬೇಡ ಅಂದ. ಆಕೆ ಒಪ್ಪಿದಳು. ದುಡಿಮೆ ಬಿಟ್ಟು ಉಳಿದ ಹೊತ್ತನ್ನು ನಡಿಗೆಗೆ ಸೇರಿಸಿದಳು. ಓಣಿಯ ಮುದುಕಿಯರನ್ನೂ ಎಬ್ಬಿಸಿ ಕರೆತರತೊಡಗಿದಳು. ಅವರಲ್ಲಿ ಯಾರ ಕಣ್ಣು ಮಂಜಾದರೂ ಆಕೆ ಮೊದಲು ಕೇಳುವುದು, “ಹನಿ ಹಾಕಾವ್ರು ಯಾರು?” ಎಂದು.

ಮರುವರ್ಷ, ಹೊಸ ಮೆಣಸಿನಕಾಯಿ ಪೇಟೆಗೆ ಬರುವ ಮುಂಚೆ, ಒಂದು ಬೆಳಿಗ್ಗೆ ಆಕೆ ನನ್ನನ್ನು ದಾಟಿ ನೇರ ಯಜಮಾನರ ಮುಂದೆ ಹೋಗಿ ನಿಂತಳು. ಯಾರೂ ಹೇಳಿರಲಿಲ್ಲ, ಕರೆದಿರಲಿಲ್ಲ.

“ಅಣ್ಣಾರ, ಇನ್ನೊಂದು ಕಣ್ಣೂ ಮಾಡಸ್ಕೊಳ್ಳಾಕ ಹೊಂಟೇನ್ರಿ. ನಿಮ್ಮನ್ನ ಒಂದ ಮಾತು ಕೇಳೂಣಂತ ಬಂದ್ನಿ.”

ಅವರು ಪೇಪರು ಮಡಚಿದರು. ನನ್ನ ಮುಖ ನೋಡಿದರು, ಆಕೆಯ ಮುಖ ನೋಡಿದರು.

“ಲಗೂನ ಮಾಡಸ್ಕೋ ತಾಯಿ,” ಅಂದರು. “ಸಪ್ಪನ ಸಾರು ನನಗೀಗ ರೂಢಿ ಆಗೇತಿ.”