ಹೊಸ ಹೆಂಚಿನ ಕೋಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದಿದ್ದಾರೆ ಹಿರಿಯರು. ಕೊಂಡು ನೋಡು ಎಂದು ಯಾರೂ ಹೇಳಿಲ್ಲ. ಹಾಗಾಗಿಯೋ ಏನೋ, ನಮ್ಮಪ್ಪ ಧೈರ್ಯವಾಗಿ ಕೊಂಡುಬಿಟ್ಟ.

ಅಪ್ಪ ಮೂಡಿಗೆರೆ ಸೀಮೆಯ ಒಂದು ಕಾಫಿ ಎಸ್ಟೇಟಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ. ಕಾಫಿ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ, ಬರುವಾಗ ಗಾಡಿ ತುಂಬ ಹೆಂಚು. ದೊರೆಯ ಬಂಗಲೆಗೆ, ಲೆಕ್ಕ ಬರೆಯುವ ರೈಟರ ಮನೆಗೆ, ಕಾಫಿ ಸ್ಟೋರಿಗೆ, ಎಲ್ಲಕ್ಕೂ ಅಪ್ಪ ತಂದ ಹೆಂಚೇ. ನಾವಿದ್ದ ಕೂಲಿ ಲೈನಿಗೆ ಮಾತ್ರ ಹುಲ್ಲಿನ ಮಾಡು. "ಜೀವಮಾನ ಎಲ್ಲ ಹೆಂಚು ಹೇರ್ದೆ. ಒಂದು ದಿನ ಹೆಂಚಿನ ಕೆಳಗೆ ಮಲಗ್ಲಿಲ್ಲ ಮಾರಾಯ್ತಿ" ಎಂದು ಅವ್ವನ ಹತ್ತಿರ ಹೇಳುತ್ತಲೇ ಇದ್ದ. ಹಿರಿಯ ಮಗಳು ನಾನು, ನನಗೆ ಆಗ ಒಂಬತ್ತು ವರ್ಷವಿರಬೇಕು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ.

ಮೂಡಿಗೆರೆ ಪೇಟೆಯ ಕೊನೆಯ ಕೇರಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಗೊತ್ತಾದ ದಿನವೇ ಅಪ್ಪ ನಮ್ಮನ್ನೆಲ್ಲ ಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ಜಗಲಿ, ನಡುಮನೆ, ಹಿಂದೆ ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ. ಮಾರುವವನು ಹೆಂಡತಿ ಸತ್ತ ಮನುಷ್ಯ. ಮಾತು ಕಡಿಮೆ, ಅವಸರ ಜಾಸ್ತಿ.

ಬೇರೆಯವರು ಮನೆ ನೋಡುವಾಗ ಗೋಡೆ ನೋಡುತ್ತಾರೆ, ಬಾವಿ ನೋಡುತ್ತಾರೆ. ಅಪ್ಪ ಏಣಿ ಕೇಳಿದ. ಮಾಡು ಹತ್ತಿ ಬೆರಳ ಗೆಣ್ಣಿನಿಂದ ಹೆಂಚು ಬಡಿದು ಸದ್ದು ಕೇಳಿದ. ಮನೆಯ ಹೆಂಚೆಲ್ಲ ಪಾಚಿ ಕಟ್ಟಿ ಕಪ್ಪಾಗಿತ್ತು. ಹಿಂದಿನ ಕೋಣೆಯ ಮೇಲಿನವು ಮಾತ್ರ ಕೆಂಪಗೆ ಹೊಸದಾಗಿದ್ದವು. ಒಂದೇ ಒಂದು ಮಳೆಗಾಲ ಕಂಡವು.

"ಒಳ್ಳೆ ಮಾಲು! ಠಣ್ ಅಂತದೆ" ಎಂದ ಅಪ್ಪ ಮೇಲಿನಿಂದ.

"ಅದೊಂದೇ ಕೋಣೆಗೆ ಯಾಕೆ ಹೊಸ ಹೆಂಚು? ಕೇಳಿ ಅವ್ರನ್ನ" ಎಂದಳು ಅವ್ವ.

"ಸೋರ್ತಿತ್ತೇನೊ. ನಮಗೆ ಲಾಭವೇ ಆಯ್ತಲ್ಲ."

ಹಿಂದಿನ ಚಳಿಗಾಲ ಪೇಟೆಗೆ ಪ್ಲೇಗು ಬಂದಿತ್ತೆಂಬುದು ಅಪ್ಪನಿಗೆ ಗೊತ್ತಿತ್ತು. ಯಾವ ಯಾವ ಮನೆಗೆ ಬಂದಿತ್ತು ಎಂದು ಅವನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ಒಳಗೊಳಗೇ ಗೊತ್ತಿದ್ದಿರಬೇಕು ಎಂದು ನೆನೆದರೆ ನನಗೆ ಈಗ ಸಿಟ್ಟು ಬರುತ್ತದೆ.

ಮಾರುವವನಿಗೆ ನನ್ನ ವಯಸ್ಸಿನ ಮಗಳೊಬ್ಬಳಿದ್ದಳು. ಹಿಂದಿನ ಕೋಣೆಯ ಹೊಸ್ತಿಲ ಈಚೆ ನಿಂತು ಜಡೆಯ ತುದಿ ಕಚ್ಚುತ್ತಿದ್ದಳು. ನಾನು ಒಳಗೆ ಹೋಗಿ, "ಬಾ, ಇಲ್ಲಿ ಏನೇನಿತ್ತು ತೋರ್ಸು" ಎಂದೆ. ಬರಲಿಲ್ಲ. ತಲೆ ಅಲ್ಲಾಡಿಸಿದಳು, ನನ್ನನ್ನೇ ದಿಟ್ಟಿಸಿದಳು. ಎಷ್ಟು ಜಂಭ ಇವಳಿಗೆ ಎಂದುಕೊಂಡೆ.

ಕಾರ್ತಿಕದಲ್ಲಿ ಒಕ್ಕಲಾದೆವು. ಹೊಸ ಮನೆಗೆ ಹಸು ಮೊದಲು ಕಾಲಿಡಬೇಕು. ನಮ್ಮಲ್ಲಿ ಹಸು ಇರಲಿಲ್ಲ. ಅಪ್ಪ ಗಾಡಿಯ ಬಲದೆತ್ತಿಗೇ ಕುಂಕುಮ ಹಚ್ಚಿ ಒಳಗೆ ಹೊಡೆದ. ಅದು ನಡುಮನೆಯವರೆಗೆ ಬಂತು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಎಳೆದರೂ ಇಲ್ಲ, ಬಾಲ ತಿರುಚಿದರೂ ಇಲ್ಲ. ಬಾಗಿಲು ಸಣ್ಣದಿತ್ತು ಅಷ್ಟೆ, ಎತ್ತಿಗೇನು ಗೊತ್ತಾಗುತ್ತದೆ? ಆದರೆ ಅವ್ವ ಉಕ್ಕುತ್ತಿದ್ದ ಹಾಲು ಬಿಟ್ಟು ಅದನ್ನೇ ನೋಡುತ್ತಿದ್ದಳು.

ಅವ್ವನಿಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ಲೈನಿನಲ್ಲಿ ಇಲಿಗಳು ಅಕ್ಕಿ ತಿಂದು, ಗೋಣಿ ತಿಂದು, ಮಲಗಿದವರ ಹಿಮ್ಮಡಿಯನ್ನೂ ಕೊರೆಯುತ್ತಿದ್ದವು. ಇಲ್ಲಿ ಒಂದು ಇಲಿಯೂ ಇರಲಿಲ್ಲ. ಅಪ್ಪ ಅದನ್ನೂ ಮನೆಯ ಗುಣವೆಂದು ಕೇರಿಯಲ್ಲೆಲ್ಲ ಹೊಗಳಿಕೊಂಡ. ಕೇಳಿದವರು ಹೂಂ ಎಂದು ಒಳಗೆ ಹೋಗುತ್ತಿದ್ದರು. "ಜನ ಇದ್ದ ಮನೇಲಿ ಒಂದಾದ್ರೂ ಇಲಿ ಇರ್ಬೇಕಲ್ಲ. ಎಲ್ಲ ಎಲ್ಲಿಗೆ ಹೋದ್ವು?" ಎನ್ನುತ್ತಿದ್ದಳು ಅವ್ವ. ಅಪ್ಪ ನಗುತ್ತಿದ್ದ. "ಇಲಿ ಇದ್ರೂ ಕಷ್ಟ, ಇಲ್ದಿದ್ರೂ ಕಷ್ಟ ನಿಂಗೆ."

ಪುಷ್ಯದ ಚಳಿಯಲ್ಲಿ ಒಂದು ಬೆಳಿಗ್ಗೆ ಇಲಿ ಬಂತು. ಓಡಿ ಬರಲಿಲ್ಲ. ಹಿಂದಿನ ಕೋಣೆಯ ಜಂತೆಯಿಂದ ತೊಪ್ಪನೆ ಬಿತ್ತು, ತಮ್ಮನ ತೊಟ್ಟಿಲಿಂದ ಎರಡು ಮೊಳ ಆಚೆ. ಕುಡಿದವರಂತೆ ಒಂದು ಸುತ್ತು ತಿರುಗಿ ಸತ್ತಿತು. ಅವ್ವ ಬಾವಿಯ ಹತ್ತಿರ ಇದ್ದಳು. ಅಪ್ಪ ಬಂದ, ನೋಡಿದ. ಅವನ ಮುಖ ಆ ಥರ ಆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಆಗ ಏನು ಮಾಡಬೇಕೆಂದು ಆ ಕಾಲದಲ್ಲಿ ಮಕ್ಕಳಿಗೂ ಗೊತ್ತಿತ್ತು. ಕೇರಿಗೆಲ್ಲ ಸಾರಬೇಕು. ಪಾತ್ರೆ ಪಡಗ ಕಟ್ಟಿಕೊಂಡು ಆಗಲೇ ಮನೆ ಬಿಡಬೇಕು. ಗದ್ದೆಬಯಲಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರಬೇಕು. ಅಪ್ಪ ಹೆಂಚಿನ ಕೆಳಗೆ ಮಲಗಲು ಶುರುಮಾಡಿ ಇನ್ನೂ ಎರಡೇ ತಿಂಗಳಾಗಿತ್ತು.

ಅವನು ಬಾಲ ಹಿಡಿದು ಇಲಿಯನ್ನು ಎತ್ತಿದ. ಬರಿಗೈಯಲ್ಲಿ. ಹಿತ್ತಿಲ ಸೀಬೆ ಗಿಡದ ಬುಡದಲ್ಲಿ ಹೂತು ಬಂದು ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಬೆಕ್ಕು ಹಿಡಿದದ್ದು ಮಗ. ಅವ್ವಂಗೆ ಹೇಳ್ಬೇಡ, ಸುಮ್ನೆ ಹೆದರ್ತಾಳೆ."

ನಮ್ಮಲ್ಲಿ ಬೆಕ್ಕು ಇರಲಿಲ್ಲ. ನಾನು ಹೂಂ ಅಂದೆ.

ಎರಡು ದಿನ ಅಪ್ಪ ಗಾಡಿ ಕಟ್ಟದೆ ಮನೆಯಲ್ಲೇ ಸುತ್ತುತ್ತಿದ್ದ, ಜಂತೆ ನೋಡುತ್ತಿದ್ದ, ನನ್ನ ಮುಖ ನೋಡುತ್ತಿದ್ದ. ನಾನು ನೆಪ ಹೂಡಿ ತಮ್ಮನನ್ನು ಜಗಲಿಯಲ್ಲೇ ಆಡಿಸುತ್ತಿದ್ದೆ, ರಾತ್ರಿ ನಡುಮನೆಯಲ್ಲಿ ನನ್ನ ಪಕ್ಕವೇ ಮಲಗಿಸಿಕೊಳ್ಳುತ್ತಿದ್ದೆ. ಮೂರನೆಯ ದಿನ ಅವ್ವ, "ಕೊಡು, ಮಲಗಿಸ್ತೀನಿ" ಎಂದು ಮಗುವನ್ನು ಹಿಂದಿನ ಕೋಣೆಗೆ ಎತ್ತಿಕೊಂಡು ಹೊರಟಾಗ ನನ್ನಿಂದ ತಡೆಯಲಾಗಲಿಲ್ಲ. ಸೆರಗು ಹಿಡಿದು ಜಗ್ಗಿ ಅಳುತ್ತ ಎಲ್ಲ ಹೇಳಿಬಿಟ್ಟೆ.

ಅವ್ವ ಬೈಯಲಿಲ್ಲ. ಅಪ್ಪನನ್ನು ಒಮ್ಮೆ ನೋಡಿದಳು. "ಮಗು ತೊಟ್ಟಿಲ ಪಕ್ಕನಾ?" ಎಂದು ಮಾತ್ರ ಕೇಳಿದಳು. ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು, ನನ್ನ ರಟ್ಟೆ ಹಿಡಿದು, ಉಟ್ಟ ಬಟ್ಟೆಯಲ್ಲೇ ಬೀದಿಗಿಳಿದು, ಕೇರಿಗೆಲ್ಲ ಕೇಳುವಂತೆ ಕೂಗಿದಳು: "ನಮ್ಮನೇಲಿ ಇಲಿ ಬಿತ್ತು! ಎಲ್ಲ ಹೊರಡಿ!"

ಅಪ್ಪ ಸಾಮಾನು ಹೇರಿಕೊಂಡು ಗದ್ದೆಬಯಲಿಗೆ ಬರುವಾಗಲೇ ನಡುಗುತ್ತಿದ್ದ. ಕಂಕುಳಲ್ಲಿ ಗಂಟು ಎದ್ದಿತ್ತು. ಅವನಿಗೆ ಬೇರೆಯೇ ಒಂದು ಗುಡಿಸಲು ಹಾಕಿದರು. ನಾಲ್ಕನೆಯ ದಿನ ಹೋದ. ಹುಲ್ಲಿನ ಮಾಡಿನ ಕೆಳಗೆ.

ಆಮೇಲೆ ಕೇರಿಯ ಗಂಡಸರು ನಮ್ಮ ಮನೆಗೆ ಹೋಗಿ ಹಿಂದಿನ ಕೋಣೆಯ ಹೆಂಚು ಇಳಿಸಿದರು. ಬಿಸಿಲು ನೆಲ ಮುಟ್ಟಿದರೆ ಕಾಯಿಲೆ ಸಾಯುತ್ತದೆ ಎಂದು ಹಾಗೆ ಮಾಡುತ್ತಿದ್ದರು. ಅವಸರದಲ್ಲಿ ಅರ್ಧ ಹೆಂಚು ಒಡೆದವು. ಅಪ್ಪ ಬಡಿದು ನೋಡಿ ಮೆಚ್ಚಿದ ಕೆಂಪು ಹೆಂಚುಗಳು. ಆ ಮನೆಯವರು ಹಿಂದಿನ ವರ್ಷ ಏಕೆ ಹೊಸದು ಹಾಕಿದ್ದರೆಂದು ಆಗ ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ತಮ್ಮ ಉಳಿದ. ಅವ್ವನ ಕೈಯಲ್ಲಿ ಆ ಮನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಮಾರಿದರೆ ತವರಿಗೆ ಹೋಗಿ ಒಂದೆರಡು ವರ್ಷ ನಮ್ಮನ್ನು ಸಾಕಬಹುದಿತ್ತು. ಮಳೆಗೆ ಮುಂಚೆ ಹಿಂದಿನ ಕೋಣೆಗೆ ಹೊಸ ಹೆಂಚು ಹಾಕಿಸಿದಳು. ಮಳೆ ಕಳೆದ ಮೇಲೆ ಬೇರೆ ಊರಿನ ದರ್ಜಿಯೊಬ್ಬ ಹೆಂಡತಿ ಮಕ್ಕಳ ಜೊತೆ ಮನೆ ನೋಡಲು ಬಂದ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಅವಳು ಬಸುರಿ.

"ಹೆಂಚು ಹೊಸದು ಹಾಕ್ಸಿದೀರಲ್ಲ" ಎಂದಳು ಅವಳು ಸಂತೋಷದಿಂದ.

"ಹೂಂ" ಎಂದಳು ಅವ್ವ.

"ಇಲಿ ಕಾಟ ಇದ್ಯಾ ಅಕ್ಕ?"

ಅವ್ವ ತಮ್ಮನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು.

"ಒಂದೂ ಇಲ್ಲ ಕಣಮ್ಮ."

ಅವರ ಮಗಳು, ನನಗಿಂತ ತುಸು ಚಿಕ್ಕವಳು, ಆಗಲೇ ಹಿಂದಿನ ಕೋಣೆಯ ಒಳಗಿದ್ದಳು. "ಬಾರೇ, ಇಲ್ಲಿ ತೊಟ್ಟಿಲು ಎಲ್ಲಿ ಕಟ್ತಿದ್ರಿ ತೋರ್ಸು" ಎಂದು ಕರೆದಳು. ನಾನು ಹೊಸ್ತಿಲ ಈಚೆ ನಿಂತಿದ್ದೆ. ತಲೆ ಅಲ್ಲಾಡಿಸಿದೆ, ಅವಳನ್ನೇ ನೋಡಿದೆ.